ದೀಪದ ಗೊಂಬೆಯ ನಲವತ್ತು ಹೆಜ್ಜೆ

"ಕೇಳಿರಿ, ಹಿರೇಗಲ್ಲು ಸೀಮೆಯ ಜನರೇ! ಮಾರ್ಗಶಿರ ಶುದ್ಧ ಪಂಚಮಿ, ಬುಧವಾರ, ಮಹಾಸ್ವಾಮಿ ಬೊಪ್ಪರಾಜರು ಯಂತ್ರಶಾಲೆಯ ವಿದ್ಯಾರ್ಥಿಗಳಿಗೆ ಮೂರು ಒಗಟು ಹಾಕುವರು. ಮೂರನ್ನೂ ಬಿಡಿಸಿದವರಿಗೆ ಶಾಲೆಯ ಗುರುಪೀಠ. ತಪ್ಪು ಹೇಳಿದವರಿಗೆ ಸೂರ್ಯ ಮುಳುಗುವಾಗ ತಲೆದಂಡ. ಯಾರೂ ಬಿಡಿಸದಿದ್ದರೆ ಶಾಲೆ ನೆಲಸಮ!"

ಡಂಗುರ ಕೇಳಿದ್ದೇ ತಡ, ಶಾಲೆಯ ಹನ್ನೊಂದು ವಿದ್ಯಾರ್ಥಿಗಳಲ್ಲಿ ಎಂಟು ಮಂದಿ ಗಡಿ ದಾಟಿದರು. ಉಳಿದವರು ಮೂವರು: ಮಂತ್ರಿಯ ಮಗ ಭುಜಬಲಿ, ಚಿನಿವಾರರ ಮನೆಯ ಕನಕಣ್ಣ, ನೇಕಾರರ ಮಗಳು ಸಣ್ಣೀರಿ.

ಆ ಶಾಲೆಯಲ್ಲಿ ತಾವಾಗಿಯೇ ನಡೆಯುವ ಗೊಂಬೆಗಳನ್ನು ಮಾಡಲು ಕಲಿಸುತ್ತಿದ್ದರು. ಗೊಂಬೆಯ ಹೊಟ್ಟೆಯಲ್ಲೊಂದು ಅಚ್ಚು, ಅಚ್ಚಿಗೆ ಸುತ್ತಿದ ದಾರ, ದಾರದ ತುದಿಗೊಂದು ಕಲ್ಲು. ಕಲ್ಲು ಕೆಳಗಿಳಿದಂತೆ ದಾರ ಬಿಚ್ಚಿಕೊಳ್ಳುತ್ತಿತ್ತು. ದಾರದಲ್ಲಿದ್ದ ಗಂಟುಗಳೇ ಗೊಂಬೆಗೆ ಅಪ್ಪಣೆ: ಒಂಟಿ ಗಂಟಿಗೆ ಒಂದು ಹೆಜ್ಜೆ, ಜೋಡಿ ಗಂಟಿಗೆ ಎಡತಿರುವು. ಒಮ್ಮೆ ಬಿಟ್ಟರಾಯಿತು, ಮತ್ತೆ ಯಾರೂ ಕೈಹಾಕಬೇಕಾಗಿರಲಿಲ್ಲ. ಸಣ್ಣೀರಿಗೆ ಗಂಟು ಹಾಕುವುದು ಹುಟ್ಟಿನಿಂದ ಬಂದ ಕೆಲಸ. ಉಳಿದವರೆಲ್ಲ ಗೊಂಬೆಗೆ ಚಿನ್ನದ ನೀರು, ಹರಳಿನ ಕಣ್ಣು ಎಂದು ಒದ್ದಾಡಿದರೆ, ದಾರ ಮಾತ್ರ ಇವಳ ಕೈಗೇ ಬರುತ್ತಿತ್ತು.

ಮೂರು ತಿಂಗಳ ಹಿಂದೆ, ರಾಣಿಯ ಹುಟ್ಟುಹಬ್ಬದ ದಿನ, ದೀಪ ಹಿಡಿದ ಗೊಂಬೆಯೊಂದು ಸಭೆಯಲ್ಲಿ ನಡೆಯಿತು. ರೇಷ್ಮೆ ಪರದೆಗೆ ಬೆಂಕಿ ಹತ್ತಿತು. ರಾಣಿಯ ಜೀವ ಉಳಿಯಿತು, ಬಲಗೈ ಸುಟ್ಟಿತು. ಅಂದಿನಿಂದ ಬೊಪ್ಪರಾಜರು ಕೂತಿದ್ದನ್ನು ಕಂಡವರಿಲ್ಲ. ನಿಂತೇ ಊಟ, ನಡೆಯುತ್ತಲೇ ರಾಜಕಾರ್ಯ.

ಅಂದಿನಿಂದ ಸಣ್ಣೀರಿಯ ಬೆರಳುಗಳೂ ಸುಮ್ಮನಿರಲಿಲ್ಲ. ಪಂಚಮಿಯ ದಿನ ಸಭೆಯ ಕಂಬದ ಪಕ್ಕ ನಿಂತಾಗಲೂ ಸೆರಗಿನ ತುದಿಗೆ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

"ಏನೇ ನೂಲುಗಿತ್ತಿ, ತಲೆ ಹೋದ ಮೇಲೆ ಹೊಲಿದುಕೊಳ್ಳೋಕೆ ದಾರ ತಂದಿದ್ದೀಯಾ?" ಎಂದ ಭುಜಬಲಿ.

"ನಿನಗೂ ಸಾಲುವಷ್ಟಿದೆ, ಬಿಡು," ಎಂದಳು.

ದೊರೆ ಸಿಂಹಾಸನದ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಕೇಳಿದರು: "ಒಡೆಯ ಹೇಳಿದ್ದರಲ್ಲಿ ಒಂದಕ್ಷರವನ್ನೂ ತಪ್ಪದ ಆಳು. ಆದರೂ ಒಡೆಯ ಬಯಸಿದ ಕೆಲಸ ಕೆಟ್ಟಿತು. ತಪ್ಪು ಯಾರದು?"

"ಇದೂ ಒಂದು ಒಗಟೇ, ಮಹಾಸ್ವಾಮಿ? ಆಳಿನದು!" ಎಂದ ಭುಜಬಲಿ, ನಗುತ್ತ.

ದೊರೆ ಕೈ ಬೀಸಿದರು. ಕಾವಲಿನವರು ಅವನ ತೋಳು ಹಿಡಿದಾಗಲೂ ಅವನ ಮುಖದಲ್ಲಿ ನಗು ಹಾಗೇ ಉಳಿದಿತ್ತು. ಮಂತ್ರಿ ಕಂಬಕ್ಕೆ ಒರಗಿದ.

ಕನಕಣ್ಣ ಬೆವರೊರೆಸಿಕೊಂಡ. "ಆಳಿನದಲ್ಲ ಅಂದರೆ... ಒಡೆಯನದು, ಬುದ್ಧಿ."

"ಊಹೆ ಮಾಡಿದೆ. ಇರಲಿ. ಎರಡನೆಯದು. ದೊಡ್ಡ ಕಣ್ಣಿನವನೊಬ್ಬ ಸೀದಾ ಹೋಗಿ ಕೆಟ್ಟ. ಕುರುಡನೊಬ್ಬ ಅದೇ ದಾರಿಯಲ್ಲಿ ಹೋಗಿ ಮನೆ ಸೇರಿದ. ಕುರುಡನ ಕೈಯಲ್ಲಿ ಕೋಲಿಲ್ಲ, ಜೊತೆಗೆ ಜನವಿಲ್ಲ. ಅವನಲ್ಲಿ ಇದ್ದದ್ದೇನು?"

"ನೆನಪು! ದಾರಿಯ ನೆನಪು, ಬುದ್ಧಿ!"

"ದಾರಿಗೆ ಅಡ್ಡ ಯಾರೋ ಮಂಚ ತಂದಿಟ್ಟಿದ್ದರೆ ನೆನಪು ಏನು ಮಾಡೀತು?"

ಕನಕಣ್ಣನನ್ನೂ ಕರೆದೊಯ್ದರು. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು.

"ನೀನು ಹೇಳಮ್ಮ. ಮೊದಲನೆಯದರಿಂದ."

ಸಣ್ಣೀರಿ ಸೊಂಟದಿಂದ ಒಂದು ದಾರ ತೆಗೆದಳು. ಅರ್ಧಕ್ಕೆ ಸುಟ್ಟು ಕಪ್ಪಾದ ದಾರ.

"ತಪ್ಪು ಹೇಳಿದವರದು, ಬುದ್ಧಿ. ದೀಪದ ಗೊಂಬೆಗೆ ಹೇಳಿದವಳು ನಾನು. ಈ ಗಂಟುಗಳು ನನ್ನವು."

ಸಭೆಯಲ್ಲಿ ಗುಜುಗುಜು ಎದ್ದಿತು. ಒಬ್ಬ ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದ. ದೊರೆ ಅವನನ್ನು ತಡೆದರು.

"ಹಿಂದಿನ ದಿನ ಅಳೆದಾಗ ರಾಣಿಯಮ್ಮನವರ ಆಸನ ನಲವತ್ತು ಹೆಜ್ಜೆ ದೂರದಲ್ಲಿತ್ತು. ನಲವತ್ತು ಗಂಟು ಹಾಕಿದೆ. ಬೆಳಿಗ್ಗೆ ಯಾರೋ ಆಸನವನ್ನೂ ಪರದೆಯನ್ನೂ ಹತ್ತು ಹೆಜ್ಜೆ ಮುಂದಕ್ಕೆ ತಂದಿದ್ದರು. ಮೂವತ್ತನೆಯ ಹೆಜ್ಜೆಗೇ ಪರದೆ ಸಿಕ್ಕಿತು. ಗೊಂಬೆಗೆ ಇನ್ನೂ ಹತ್ತು ಬಾಕಿ. ಅದು ನಡೆಯಿತು. ನಾನು ಹೇಳಿದ್ದೇ ಅದನ್ನು."

ದೊರೆಯ ನಡಿಗೆ ನಿಧಾನವಾಯಿತು. "ಎರಡನೆಯದು?"

"ಅನುಮಾನ, ಬುದ್ಧಿ. ಕುರುಡ ಪಾದ ಚಾಚಿ, ತಡವಿ, ಆಮೇಲೆ ಊರುತ್ತಾನೆ. ನಮ್ಮ ಗೊಂಬೆಗೆ ಹರಳಿನ ಕಣ್ಣಿತ್ತು, ಅನುಮಾನ ಇರಲಿಲ್ಲ. ಈಗ ಪಾದದ ಮುಂದೆ ಬಾತುಕೋಳಿ ಗರಿ ಕಟ್ಟಿ ನೋಡುತ್ತಿದ್ದೇನೆ. ಗರಿ ಬಾಗಿದರೆ ಅಚ್ಚು ತಿರುಗದಂತೆ ಬೆಣೆ ಬೀಳುತ್ತದೆ. ಹತ್ತಕ್ಕೆ ಎಂಟು ಸಲ ಬೀಳುತ್ತದೆ."

"ಇನ್ನೆರಡು ಸಲ?"

"ಅದಕ್ಕೇ ಇನ್ನೂ ಕೈಗೆ ದೀಪ ಕೊಟ್ಟಿಲ್ಲ, ಬುದ್ಧಿ."

ಮೊದಲ ಬಾರಿಗೆ ದೊರೆ ಅವಳ ಮುಖವನ್ನು ನೇರವಾಗಿ ನೋಡಿದರು. "ಮೂರನೆಯದು. ಆ ಹೆಜ್ಜೆಯಿಂದ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಅದಿಲ್ಲದೆ ಯಾವ ಪ್ರಯಾಣವೂ ಮುಗಿಯುವುದಿಲ್ಲ. ಯಾವ ಹೆಜ್ಜೆ?"

ಉತ್ತರ ಅವಳಿಗೆ ಆಗಲೇ ಗೊತ್ತಿತ್ತು. ಆದರೆ ಹೊರಗೆ ಯಾರೋ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಉತ್ತರವಷ್ಟನ್ನೇ ಹೇಳಿದರೆ ತನ್ನ ತಲೆ ಉಳಿಯುತ್ತದೆ. ಮುಂದಿನ ಮಾತನ್ನೂ ಆಡಿದರೆ?

"ನಿಲ್ಲುವುದು, ಬುದ್ಧಿ. ಶಾಲೆಯಲ್ಲಿ ನಾವೆಲ್ಲ ನಡೆಸುವುದನ್ನು ಕಲಿತೆವು, ನಿಲ್ಲಿಸುವುದನ್ನು ಕಲಿಯಲಿಲ್ಲ." ಅವಳು ಸುಟ್ಟ ದಾರವನ್ನು ಎತ್ತಿ ಹಿಡಿದಳು. "ಮಹಾಸ್ವಾಮಿಯವರ ಡಂಗುರದಲ್ಲೂ ನಿಲ್ಲುವ ಗಂಟಿಲ್ಲ. ಒಮ್ಮೆ ಬಿಟ್ಟಿದ್ದೀರಿ, ನಡೆಯುತ್ತಿದೆ. ಸಂಜೆಗೆ ಎರಡು ತಲೆ ಬೀಳುತ್ತವೆ. ಅಲ್ಲಿಗೂ ನಿಲ್ಲುತ್ತದೆಯೋ ಇಲ್ಲವೋ."

ದೊರೆಯ ನಡಿಗೆ ನಿಂತಿತು.

"ಆಸನ ಸರಿಸಿದವರು ಯಾರೆಂದು ಗೊತ್ತೇನು ನಿನಗೆ?" ಎಂದರು.

"ಇಲ್ಲ, ಬುದ್ಧಿ."

"ನಾನು. ರಾಣಿಗೆ ಅಂದಿನ ವೀಣೆ ಚೆನ್ನಾಗಿ ಕೇಳಿಸಲಿ ಅಂತ. ಶಾಲೆಗೆ ಹೇಳಿ ಕಳಿಸಬೇಕು ಅನ್ನುವುದು ಹೊಳೆಯಲೇ ಇಲ್ಲ." ಅವರು ಹಿಂದಕ್ಕೆ ಕೈಚಾಚಿ ಸಿಂಹಾಸನದ ತೋಳನ್ನು ತಡವಿ ನೋಡಿದರು. ಆಮೇಲೆ ಮೆಲ್ಲಗೆ ಕೂತರು. ಮೂರು ತಿಂಗಳಾದ ಮೇಲೆ, ಮೊದಲ ಸಲ. "ಆ ಹುಡುಗರನ್ನು ಬಿಡಿಸಿ ಕರೆತನ್ನಿ. ಡಂಗುರದವನಿಗೆ ಹೇಳಿ, ನಿಂತಿತು ಅಂತ ಸಾರಲಿ."

ಭುಜಬಲಿ ಬಂದವನೇ ಸಣ್ಣೀರಿಯ ಪಕ್ಕ ನಿಂತು ಪಿಸುಗುಟ್ಟಿದ: "ಆ ಗರಿ ಕಟ್ಟೋದು ನನಗೂ ತೋರಿಸ್ತೀಯಾ?"

"ಮೊದಲು ದಾರ ಹಿಡಿಯೋದು ಕಲಿ," ಎಂದಳು.

ಪುಷ್ಯ ಬಿದಿಗೆಯ ದಿನ ಸಣ್ಣೀರಿ ಗುರುಪೀಠ ಏರಿದಳು. ಓಡಿಹೋಗಿದ್ದ ಎಂಟು ಮಂದಿಯಲ್ಲಿ ಆರು ಮಂದಿ ಮರಳಿ ಬಂದರು. ಶಾಲೆಯಲ್ಲಿ ಮೊದಲ ಪಾಠ ನಿಲ್ಲುವ ಗಂಟಿನದೇ ಆಯಿತು. ಅದನ್ನು ಮೊದಲು ಹಾಕಿದವರು ಬೊಪ್ಪರಾಜರು, ವಿದ್ಯಾರ್ಥಿಗಳ ಸಾಲಿನಲ್ಲಿ ಚಾಪೆಯ ಮೇಲೆ ಕೂತು. ಎರಡು ಸಲ ತಪ್ಪಿತು, ಮೂರನೆಯ ಸಲ ಬಿಗಿಯಿತು.