ಕೆಳರೆಪ್ಪೆಯ ಕೆಂಪು

ಎದುರಿಗೆ ಯಾರೇ ಬರಲಿ, ಬಸಲಿಂಗವ್ವ ಮೊದಲು ಅವರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ನೋಡುತ್ತಿದ್ದಳು. ಮಾತು ಆಮೇಲೆ.

ಕುರಿಗೂ ಹಾಗೆ, ಮೇಕೆಗೂ ಹಾಗೆ, ಮನುಷ್ಯರಿಗೂ ಹಾಗೆ. ಒಮ್ಮೆ ಊರ ಗೌಡರು ಕಾಲಿಗೆರಗಿದಾಗ ಅವರ ರೆಪ್ಪೆಯನ್ನೂ ಎಳೆದು ನೋಡಿ, "ರಕ್ತ ಚಲೋ ಐತಿ, ಏಳ್ರಿ" ಅಂದಿದ್ದಳಂತೆ. ಗೌಡರು ಕೇಳಲೆಂದು ತಂದಿದ್ದ ದೊಡ್ಡ ಪ್ರಶ್ನೆಯನ್ನು ಮರೆತೇ ಹೋದರಂತೆ.

ಹೊಳೆಯ ದಂಡೆಯಲ್ಲಿ ಅವಳ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಸುತ್ತ ಹುಲ್ಲು. ಆ ಸೀಮೆಯ ಕುರುಬರಿಗೆಲ್ಲ ಅವಳು ಗುರು.

ಮಳೆಗಾಲದ ನಡುವೆ ಒಂದು ದಿನ ಮಾಳಿಂಗ ಬಂದ. ಅವನ ಹಿಂದೆ ಮೂವತ್ತೆಂಟು ಕುರಿ. ಎರಡು ತಿಂಗಳ ಹಿಂದೆ ಅರವತ್ತಿದ್ದವು.

"ಅವ್ವಾರ, ಒಂದೊಂದ ಬೀಳಾಕ ಹತ್ಯಾವ್ರಿ. ಗದ್ದದ ಕೆಳಗ ನೀರು ತುಂಬಿ ಜೋತು ಬೀಳತೈತಿ. ಎರಡು ದಿನ ಹಿಂಡಿನ ಹಿಂದ ಉಳಿತಾವ. ಮೂರನೇ ದಿನ ಏಳಂಗಿಲ್ಲ. ಇವೂ ಹೋದ್ರ ನಾ ಯಾರ್ರಿ? ಲಗೂ ಏನರ ಹೇಳ್ರಿ."

ಹೇಳುವಾಗಲೂ ಅವನ ಕಾಲು ಒಂದೆಡೆ ನಿಲ್ಲಲಿಲ್ಲ.

ಬಸಲಿಂಗವ್ವ ಅವನ ರೆಪ್ಪೆ ಎಳೆದು ನೋಡಿದಳು. "ನಿನಗೇನೂ ಆಗಿಲ್ಲ. ಗಾಬರಿ ಅಷ್ಟ."

ಆಮೇಲೆ ಹತ್ತಿರ ನಿಂತಿದ್ದ ಕುರಿಯ ರೆಪ್ಪೆ ಎಳೆದು ಅವನಿಗೆ ತೋರಿಸಿದಳು. ಒಳಗೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

"ಹೊಟ್ಯಾಗ ಹುಳ ಕುಂತು ರಕ್ತ ಕುಡಿಯಾಕ ಹತ್ಯಾವ."

"ಗೊತ್ತೈತ್ರಿ! ಅಮಾಸಿ ಬಂತಂದ್ರ ಸಾಲು ಹಿಡಿದು ಎಲ್ಲಾದಕ್ಕೂ ಔಷಧಿ ಹಾಕತೇನಿ. ಒಂದು ಅಮಾಸಿ ತಪ್ಪಿಸಿಲ್ಲ. ಮರುದಿನ ಹೊಸ ಹುಲ್ಲಿಗೆ ಹೊಡಕೊಂಡು ಹೋಗತೇನಿ."

"ಹೊಸ ಹುಲ್ಲಿಗೆ ನಿನ್ನ ಕೂಡ ಯಾವ ಹುಳ ಬಂದ್ವು?"

"ಹುಳ ಎಲ್ಲಿ ಬರತಾವ್ರಿ? ಸತ್ತಿರತಾವಲ್ಲ."

"ಸಾಯದೇ ಇದ್ದವು?"

ಮಾಳಿಂಗ ಹಿಂಡಿನ ಕಡೆ ತಿರುಗಿ ನೋಡಿದ.

"ಬೀಜದ ಟಗರು ಹೆಂಗ ಆರಿಸತಿ?"

"ಗಟ್ಟಿ ಇದ್ದದ್ದನ್ನ ಇಟಗೋತೇನ್ರಿ. ಉಳದದ್ದು ಸಂತಿಗೆ."

"ಹುಳಾನೂ ಹಂಗ ಆರಿಸೀದಿ. ಪ್ರತಿ ಅಮಾಸಿಗೆ."

ಗೋಡೆಯ ಗೂಡಿನಲ್ಲಿ ಒಂದು ಬಾಟಲಿ ಇತ್ತು. ಅವಳು ಅದನ್ನು ತೋರಿಸಿದಳು.

"ಇದು ಬ್ಯಾರೆ ಔಷಧಿ. ಪ್ಯಾಟಿ ದನದ ದವಾಖಾನಿದು. ಹತ್ತು ಹನ್ನೆರಡು ಕುರಿಗೆ ಆಗತೈತಿ."

"ನನ್ನವು ಮೂವತ್ತೆಂಟು!"

"ಅದಕ್ಕ ಕಣ್ಣು ನೋಡಿ ಬಾ ಅಂತೇನಿ. ಬಿಳಿ ಇದ್ದವಕ್ಕಷ್ಟ ಹಾಕೋದು."

ಅವಳು ಒಂದು ತಂಬಿಗೆ ನೀರು ತುಂಬಿಕೊಳ್ಳುವಷ್ಟರಲ್ಲಿ ಮಾಳಿಂಗ ತಿರುಗಿ ಬಂದ.

"ನೋಡಿದೆ."

"ಎಡಗಿವಿ ಹರದದ್ದು?"

"ಅದು... ಬಿಳಿ ಇರಬೇಕ್ರಿ."

"ಕುಂಟದು?"

"ಅದು ಕೆಂಪಿರಬೇಕು."

"ಇರಬೇಕು ಅನ್ನೋ ಬಣ್ಣ ನಾ ಎಲ್ಲೂ ಕಂಡಿಲ್ಲ. ಮತ್ತ ಹೋಗು."

ಹೋದ. ಬಂದ. ಮತ್ತೆ ಕಳಿಸಿದಳು. ಅವತ್ತು ಹಾಗೇ ಮುಗಿಯಿತು, ಮರುದಿನವೂ. ಬಾಟಲಿ ಗೂಡಿನಲ್ಲೇ ಇತ್ತು. ಮಾಳಿಂಗ ಅಂಗಳದಲ್ಲಿ ಅಡ್ಡಾಡಿ ಅಡ್ಡಾಡಿ ಮಣ್ಣಿನಲ್ಲಿ ಒಂದು ಗೆರೆಯೇ ಬಿತ್ತು.

ಮೂರನೆಯ ದಿನ ಕರಿಮುಖದ ಕುರಿ ಹಿಂದೆ ಉಳಿಯಿತು. ಅವನ ತಾಯಿ ಸಾಯುವ ಮುಂಚೆ ಮರಿ ಇದ್ದಾಗ ಅವನ ಕೈಗೆ ಕೊಟ್ಟದ್ದು ಅದು.

ಬಸಲಿಂಗವ್ವ ಸ್ನಾನಕ್ಕೆ ಹೊಳೆಗೆ ಹೋಗಿದ್ದಳು. ಮಾಳಿಂಗ ದಾರಿ ನೋಡಿದ. ದಂಡೆ ಹತ್ತಿ ಬರುವ ದಾರಿಯ ನಡುವೆ, ಕಲ್ಲಿನ ಮೇಲೆ, ಅವಳು ಕೂತೇ ಇದ್ದಳು. ನಿನ್ನೆಯೂ ಅಲ್ಲೇ ಕೂತಿದ್ದಳು.

"ಈ ಮುದುಕಿಗೆ ಯಾವ ಕೆಲಸಕ್ಕೂ ಗಡಿಬಿಡಿ ಇಲ್ಲ" ಎಂದುಕೊಂಡ.

ಗೂಡಿಗೆ ಕೈ ಹಾಕಿದ.

ಯಾವುದಕ್ಕೆ ಹಾಕುವುದು, ಯಾವುದಕ್ಕೆ ಬಿಡುವುದು? ಆಗ ಅವನಿಗೆ ಆಶ್ರಮದ ಊಟ ನೆನಪಾಯಿತು. ಅಲ್ಲಿ ಪಂಕ್ತಿಭೇದವಿಲ್ಲ. ಗೌಡರಿಗೂ ಒಂದೇ ಸೌಟು, ದಾರಿಹೋಕನಿಗೂ ಒಂದೇ ಸೌಟು. ಬಸಲಿಂಗವ್ವ ತಾನೇ ನಿಂತು ಬಡಿಸುತ್ತಿದ್ದಳು.

ಮಾಳಿಂಗ ಮೂವತ್ತೆಂಟನ್ನೂ ಸಾಲಾಗಿ ನಿಲ್ಲಿಸಿದ. ಎಲ್ಲಕ್ಕೂ ಸಮನಾಗಿ ಒಂದೊಂದು ಗುಟುಕು ಹಾಕಿದ. ಎದೆ ಹಗುರಾಯಿತು.

ಬಸಲಿಂಗವ್ವ ಬಂದು ಖಾಲಿ ಬಾಟಲಿ ನೋಡಿದಳು. ಬೈಯಲಿಲ್ಲ.

"ಎಷ್ಟಕ್ಕ ಹಾಕಿದಿ?"

"ಎಲ್ಲಾದಕ್ಕೂ ರೀ. ಒಂದಕ್ಕೂ ಭೇದ ಮಾಡಿಲ್ಲ. ನಿಮ್ಮ ಪಂಕ್ತಿಯಾಗ ಕಲತದ್ದು."

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಒಂದು ಜೋಳದ ರೊಟ್ಟಿಯನ್ನು ಚೂರು ಚೂರು ಮುರಿದಳು. ಎಣಿಸಿ ಮೂವತ್ತೆಂಟು ಮಾಡಿದಳು. ಒಂದು ಚೂರನ್ನು ಅವನ ತಾಟಿಗೆ ಹಾಕಿದಳು. ಉಳಿದದ್ದನ್ನು ಎತ್ತಿಟ್ಟಳು.

"ತಿನ್ನು."

ತಿಂದ.

"ಹಸಿವು ಹೋತೇನು?"

"ಇಷ್ಟಕ್ಕ ಎಲ್ಲಿ ಹೋಗತೈತ್ರಿ? ರೊಟ್ಟಿ ರುಚಿ ಗೊತ್ತಾತು ಅಷ್ಟ."

"ಹುಳಕ್ಕೂ ಅಷ್ಟ ಆತು. ಔಷಧಿ ರುಚಿ ಗೊತ್ತಾತು."

ಮಾಳಿಂಗ ಖಾಲಿ ತಾಟನ್ನು ಪಕ್ಕಕ್ಕೆ ಸರಿಸಿದ.

"ಪಂಕ್ತಿ ಊಟಕ್ಕ ತಮ್ಮಾ. ರೋಗಕ್ಕ ಪಂಕ್ತಿ ಇಲ್ಲ."

ಅದರ ಮರುದಿನ ಕರಿಮುಖದ ಕುರಿ ಸತ್ತಿತು. ಸಂಜೆಗೆ ಇನ್ನೊಂದು. ಮಾಳಿಂಗ ಬೇವಿನ ಮರದ ಆಚೆ ಗುಂಡಿ ತೋಡಿದ. ಎರಡಕ್ಕೂ ಒಂದೇ ಗುಂಡಿ ಸಾಕಾಗಿತ್ತು. ಆದರೂ ಕರಿಮುಖದ್ದಕ್ಕೆ ಬೇರೆ ತೋಡಿದ.

ಬೆಳಗಾದಾಗ ಬಸಲಿಂಗವ್ವ ಚೀಲ ಹೆಗಲಿಗೇರಿಸಿ ಬಡಿಗೆ ಹಿಡಿದು ನಿಂತಿದ್ದಳು.

"ಪ್ಯಾಟಿಗೆ ಹೋಗಿ ಔಷಧಿ ತರತೇನಿ."

"ನಾ ಹೋಗತೇನ್ರಿ. ನೀವು ಕುಂದರ್ರಿ."

"ನೀ ಓಡಿ ಹೋಗಿ ಓಡಿ ಬರತಿ. ಇಲ್ಲಿ ಕಣ್ಣು ನೋಡೋರು ಯಾರು?"

ದೀಪ ಹಚ್ಚುವ ಹೊತ್ತಿಗೆ ಬಂದಳು. ಹೊಸ್ತಿಲ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ, ನೀರು ಕೂಡ ಕೇಳಲಿಲ್ಲ. ಮಾಳಿಂಗ ಅವಳ ಹೆಗಲಿನ ಚೀಲ ಇಳಿಸಿಕೊಂಡು ಬಾಟಲಿ ಒಡೆದಿಲ್ಲವಲ್ಲ ಎಂದು ನೋಡಿದ.

ಮರುದಿನ ಅವನು ಬಿಸಿಲಿನಲ್ಲಿ ಮಂಡಿಯೂರಿ ಕೂತ. ಒಂದೊಂದನ್ನೇ ಹತ್ತಿರ ಎಳೆದುಕೊಂಡ. ಹೆಬ್ಬೆರಳಿನಿಂದ ರೆಪ್ಪೆ ಎಳೆದ. ಒಂದರದು ದಾಳಿಂಬೆ ಹೂವಿನ ಕೆಂಪು. ಒಂದರದು ಮಳೆಯಲ್ಲಿ ನೆಂದ ಇಟ್ಟಿಗೆ. ಒಂದರದು ಮಜ್ಜಿಗೆ. ಕೈ ಗಡಿಬಿಡಿ ಮಾಡಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದ.

ನೆತ್ತಿಯ ಮೇಲಿನ ಹೊತ್ತು ಇಳಿಯುವಾಗ ಬಂದು ನಿಂತ.

"ಹನ್ನೊಂದು ರೀ. ಎಡಗಿವಿ ಹರದದ್ದು ಬಿಳಿ. ಕುಂಟದು ಕೆಂಪು."

"ಹನ್ನೊಂದಕ್ಕೂ ತೂಕ ನೋಡಿ, ದವಾಖಾನಿ ಡಾಕ್ಟರು ಚೀಟಿಯಾಗ ಬರದಷ್ಟು ಹಾಕು. ಪೂರಾ ಹಾಕು."

ಹಾಕಿದ. ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿಯಿತು. ಅವನ ಕಣ್ಣು ಉಳಿದ ಇಪ್ಪತ್ತೈದರ ಮೇಲೆ ಓಡಿತು.

"ಇವುಗಳ ಹೊಟ್ಯಾಗೂ ಹುಳ ಅದಾವಲ್ರಿ?"

"ಅದಾವ."

"ಮತ್ತ?"

"ಇರಲಿ. ಅವಕ್ಕ ತಡಕೊಳ್ಳೋ ರಕ್ತ ಐತಿ."

"ಹುಳ ಇರಲಿ ಅಂತೀರಿ?"

"ಔಷಧಿ ಗೊತ್ತಿಲ್ಲದ ನಾಕು ಮೆತ್ತನ ಹುಳ ಇರಲಿ. ನಿನ್ನ ಗಟ್ಟಿ ಹುಳಕ್ಕ ಮದುವಿ ಮಾಡಾಕ ಬ್ಯಾಡೇನು? ಮೆತ್ತಗಿನ ಹೆಣ್ಣು ಬಂದ್ರ ಮಕ್ಕಳರ ಔಷಧಿಗೆ ಹೆದರತಾವ."

ಮಾಳಿಂಗ ನಕ್ಕ. ಆಶ್ರಮಕ್ಕೆ ಬಂದ ಮೇಲೆ ಮೊದಲ ಸಲ. ಬಸಲಿಂಗವ್ವನೂ ನಕ್ಕಳು, ನಗುವಾಗ ಉಸಿರು ಸಿಕ್ಕಿಕೊಂಡು ಬೇವಿನ ಮರಕ್ಕೆ ಕೈ ಕೊಟ್ಟಳು.

ಬೆಳಗಿನ ಹೊತ್ತು ಮಾತ್ರ ಅವನಿಗೆ ಕಷ್ಟವಾಗುತ್ತಿತ್ತು. ಬೆಳಕು ಹರಿಯುತ್ತಲೇ ಹಿಂಡು ಬಿಡಲು ನಿಲ್ಲುತ್ತಿದ್ದ. ಅವಳು ಬಿಡಗೊಡುತ್ತಿರಲಿಲ್ಲ.

"ನಮ್ಮಪ್ಪ ಇಷ್ಟೊತ್ತಿಗೆ ಎರಡು ಹೊಲ ದಾಟಿರತಿದ್ದ ರೀ."

"ಹುಲ್ಲಿನ ಮ್ಯಾಲೆ ಏನೈತಿ?"

"ಇಬ್ಬನಿ."

"ಆ ಹನಿ ಹಿಡಕೊಂಡು ಹುಳದ ಮರಿ ಹುಲ್ಲಿನ ತುದಿಗೆ ಏರಿ ಕುಂತಾವ. ನಿನ್ನಂಥ ಗಡಿಬಿಡಿ ಮನಷ್ಯಾನ ದಾರಿ ಕಾಯಾಕ ಹತ್ಯಾವ."

"ಎಷ್ಟೊತ್ತು ಕುಂದರಬೇಕ್ರಿ?"

"ಹುಲ್ಲು ಹೇಳತೈತಿ."

ಅವನು ಕೂರುತ್ತಿದ್ದ. ಮೊಣಕಾಲು ಕುಣಿಯುತ್ತಿತ್ತು. ಬಿಸಿಲು ಏರಿ, ಹುಲ್ಲಿಗೆ ಸವರಿದ ಅಂಗೈ ಒಣಗಿಯೇ ಬಂದಾಗ ಏಳುತ್ತಿದ್ದ. ಬುಡದ ತನಕ ಮೇಯಲು ಬಿಡದೆ, ನಾಲ್ಕು ಬೆರಳು ಹುಲ್ಲು ಉಳಿಸಿ ಹಿಂಡನ್ನು ಮುಂದೆ ಹೊಡೆಯುತ್ತಿದ್ದ.

ದಿನ ಕಳೆದವು. ಗದ್ದದ ಬಾವು ಇಳಿಯಿತು. ಮಜ್ಜಿಗೆ ಇದ್ದಲ್ಲಿ ಇಟ್ಟಿಗೆ ಬಂತು, ಇಟ್ಟಿಗೆ ಇದ್ದಲ್ಲಿ ದಾಳಿಂಬೆ ಹೂವು. ಮತ್ತೆ ಒಂದೂ ಸಾಯಲಿಲ್ಲ.

ಮಳೆ ಹಿಂದಾಯಿತು. ಹೊಳೆಯ ಆಚೆ ದಂಡೆಯಲ್ಲಿ ಬೇರೆಯವರ ಹಿಂಡುಗಳು ದಕ್ಷಿಣಕ್ಕೆ ಹೊರಟಿದ್ದವು. ನಾಯಿಗಳ ಬೊಗಳು, ಹೇರು ಹೊತ್ತ ಕುದುರೆಗಳ ಗಂಟೆಯ ಸದ್ದು ನೀರಿನ ಮೇಲೆ ತೇಲಿ ಬರುತ್ತಿದ್ದವು. ಮಾಳಿಂಗನ ಕಾಲು ಮತ್ತೆ ನೆಲ ಕೆದರತೊಡಗಿತು.

ಒಂದು ಮಧ್ಯಾಹ್ನ ಹಿಂಡು ಕೂಡಿಸಿ, ಕಂಬಳಿ ಹೆಗಲಿಗೆ ಹಾಕಿ, ಅಪ್ಪಣೆ ಕೇಳಲು ಬಂದ.

ಬಸಲಿಂಗವ್ವ ಬೇವಿನ ಮರಕ್ಕೆ ಒರಗಿ ಕೂತಿದ್ದಳು. ಆ ಬಿಸಿಲಿನಲ್ಲೂ ಕಂಬಳಿ ಹೊದ್ದಿದ್ದಳು. ಪಕ್ಕದ ತಾಟಿನಲ್ಲಿ ಬೆಳಗಿನ ರೊಟ್ಟಿ ಹಾಗೇ ಇತ್ತು.

"ಕಣ್ಣು ನೋಡಿದಿ?"

"ನೋಡೇನ್ರಿ. ಮೂವತ್ತಾರೂ ಕೆಂಪು."

"ಸಾವಕಾಶ ನೋಡಿದಿ?"

"ಮುಂಜಾನಿಂದ ಅದ ಕೆಲಸ ರೀ. ಒಂದೂ ಬಿಟ್ಟಿಲ್ಲ. ಆಚಿ ದಂಡಿಯವರು ಆಗಲೇ ಮುಂದ ಹೋದ್ರು, ಅಪ್ಪಣೆ ಕೊಟ್ರ..."

"ಒಂದೂ ಬಿಟ್ಟಿಲ್ಲ?"

"ಇಲ್ರಿ."

ಅವನು ಬಗ್ಗಿ ಅವಳ ಪಾದ ಮುಟ್ಟಿದ. ಪಾದ ತಣ್ಣಗಿತ್ತು, ಹೊಳೆಯೊಳಗಿನ ಕಲ್ಲಿನ ಹಾಗೆ.

ಮಾಳಿಂಗ ತಲೆಯೆತ್ತಿದ. ಬಸಲಿಂಗವ್ವ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಕಾಯುತ್ತಿದ್ದಳು.

"ನನ್ನದು ನನಗ ಕಾಣಂಗಿಲ್ಲ ತಮ್ಮಾ. ನೀ ನೋಡಿ ಬಣ್ಣ ಹೇಳು."