ದೇಕವ್ವೆಯ ಕೈಯೆತ್ತರದ ದೀಪ

ಕೀಲಕ ಸಂವತ್ಸರದ ಕಾರ್ತಿಕ ಶುದ್ಧ ಪಾಡ್ಯ, 1968ನೆಯ ಇಸವಿ ಅಕ್ಟೋಬರ್ 22, ಮಂಗಳವಾರ. ಆ ದಿನದ ನನ್ನ ಡೈರಿಯಲ್ಲಿ ಈ ಕಥೆಯಿದೆ. ನಾನು ಬಿ.ಎ. ಮುಗಿಸಿ ಈ ಮನೆಗೆ ಬಂದ ವರ್ಷ ಅತ್ತೆಯವರು ದೀಪದ ಮುಂದೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಅಕ್ಷತೆ ಹಿಡಿದು ಕೇಳಿ.

ತುಂಗಭದ್ರೆಯ ದಂಡೆಯ ಹೊಂಬಾಳೆಯೆಂಬ ಪಟ್ಟಣದಲ್ಲಿ ಬೀರೋಜನೆಂಬ ಸ್ಥಪತಿಯೂ ಅವನ ಹೆಂಡತಿ ರೇವಕ್ಕನೂ ಇದ್ದರು. ಗುಡಿಯ ನಕ್ಷೆ ಬರೆದು, ಕಲ್ಲು ಆರಿಸಿ, ಕಳಸವೇರುವ ತನಕ ನಿಂತು ಕಟ್ಟಿಸುವುದು ಅವನ ಕುಲದ ಕೆಲಸ. ಆ ಕುಲಕ್ಕೊಂದು ವ್ರತವಿತ್ತು. ನಕ್ಷೆ ಬರೆಯುವ ಮೊದಲು, ಆ ಗುಡಿಯಲ್ಲಿ ದೀಪ ಹಚ್ಚುವವರನ್ನು ಮನೆಗೆ ಕರೆದು, ಉಣಬಡಿಸಿ, ಅರಿಸಿನ ಹಚ್ಚಿದ ಅವರ ಅಂಗೈಯನ್ನು ಗೋಡೆಗೆ ಒತ್ತಿಸಿ, ಆ ಎತ್ತರವನ್ನು ನೂಲಿನಲ್ಲಿ ಅಳೆದು, ಗುಡಿಯೊಳಗೆ ಅಷ್ಟೇ ಎತ್ತರಕ್ಕೆ ದೀಪದ ಗೂಡು ಕೊರೆಯಬೇಕು. ಬೀರೋಜನು ಆರು ಗುಡಿಗಳವರೆಗೆ ಹೀಗೆಯೇ ನಡೆಯಲು, ದೀಪಗಳು ನಿಂತು ಉರಿದವು, ಅವನ ಹೆಸರು ಹೊಳೆ ದಾಟಿತು.

ಏಳನೆಯದನ್ನು ಅರಸನೇ ಕಟ್ಟಿಸಿದನು. ಅಲ್ಲಿ ದೀಪ ಹಚ್ಚಬೇಕಾದ ಮುದುಕಿ ದೇಕವ್ವೆ ಒನಕೆಗಿಂತ ನಾಲ್ಕು ಬೆರಳು ಗಿಡ್ಡ. ರೇವಕ್ಕನು, “ಎಲೆ ಹಾಕಿದ್ದೇನೆ, ಅಜ್ಜಿಯನ್ನು ಕರೆದು ಬನ್ನಿ” ಎನ್ನಲು, ಬೀರೋಜನು, “ಅರಸರ ಗುಡಿಗೆ ಅವಳ ಅಳತೆಯೇ? ಶಾಸ್ತ್ರವಿದೆ, ನಾನಿದ್ದೇನೆ” ಎಂದು ಹೊರಟುಹೋದನು. ಅರಸನ ತಲೆಗೂ ಮೇಲೆ ಗೂಡು ಕೊರೆಯಿಸಿ, ಅದರ ಕೆಳಗೆ, ನಮಸ್ಕರಿಸಿ ಏಳುವವರ ಕಣ್ಣಿಗೆ ಬೀಳುವಂತೆ, ತನ್ನ ಹೆಸರನ್ನೂ ಬಿರುದುಗಳನ್ನೂ ಐದು ಸಾಲು ಕೆತ್ತಿಸಿದನು.

ಕಾರ್ತಿಕದ ಪಾಡ್ಯದಂದು ದೇಕವ್ವೆಗೆ ಗೂಡು ಎಟುಕಲಿಲ್ಲ. ಎತ್ತರದ ಕಾವಲುಗಾರನೊಬ್ಬ ಹಚ್ಚಿದನು, ಗೂಡಿನ ಎತ್ತರಕ್ಕೇ ಇದ್ದ ಜಾಲರಿ ಕಿಂಡಿಯ ಗಾಳಿಗೆ ದೀಪ ಆರಿತು. ಎಷ್ಟು ಸಲ ಹಚ್ಚಿದರೂ ಆರಿತು. ಅರಸನು, “ಹುಣ್ಣಿಮೆಯೊಳಗೆ ದೀಪ ನಿಲ್ಲದಿದ್ದರೆ ಪ್ರತಿಷ್ಠೆಯಿಲ್ಲ, ನೀನು ಇನ್ನು ಗುಡಿ ಕಟ್ಟುವಂತೆಯೂ ಇಲ್ಲ” ಎಂದನು. ಬೀರೋಜನು ಬತ್ತಿ ಬದಲಿಸಿದನು, ಎಣ್ಣೆ ಬದಲಿಸಿದನು, ಕಿಂಡಿಗೆ ಚಾಪೆ ಕಟ್ಟಿದನು, ಮೂರು ದಿನ ಉಪವಾಸವಿದ್ದನು. ದೀಪ ನಿಲ್ಲಲಿಲ್ಲ. ನಾಲ್ಕನೆಯ ದಿನ ರೇವಕ್ಕನು ಅಜ್ಜಿಗೆಂದು ಮತ್ತೆ ಎಲೆ ಹಾಕಿದಳು. ಅದನ್ನು ಕಂಡು ಅವನು ದೇಕವ್ವೆಯ ಮನೆಬಾಗಿಲಿಗೆ ಹೋಗಿ ಕೈಮುಗಿದನು.

“ಬಂದೆಯಾ ಓಜಪ್ಪ? ನನ್ನನ್ನು ಎತ್ತರ ಮಾಡುವ ಉಳಿ ಏನಾದರೂ ತಂದಿದ್ದೀಯಾ?” ಎಂದಳು ಅಜ್ಜಿ.

“ಇಲ್ಲ ಅವ್ವಾ, ಊಟಕ್ಕೆ ಕರೆಯಲು ಬಂದೆ.”

“ಹಾಗೆ ಹೇಳು. ಹೋಳಿಗೆ ಉಂಟೋ ಇಲ್ಲವೋ?”

ಉಂಟು ಎಂದಮೇಲೆ ಎದ್ದಳು. ಮೂರು ಹೋಳಿಗೆ ಉಂಡು, ನಾಲ್ಕನೆಯದನ್ನು ಸೆರಗಿಗೆ ಕಟ್ಟಿಕೊಂಡು, ಗೋಡೆಗೆ ಅಂಗೈ ಒತ್ತಿದಳು. ಆ ನೂಲನ್ನು ಗುಡಿಗೆ ಒಯ್ದು ಹಿಡಿಯಲು, ಅದರ ತುದಿ ಬೀರೋಜನ ಹೆಸರಿನ ಮೇಲೆಯೇ ನಿಂತಿತು. ಶಿಷ್ಯರು ಗೂಡನ್ನು ಪಕ್ಕಕ್ಕೆ ಸರಿಸೋಣವೆಂದರು. ಪಕ್ಕಕ್ಕೆ ಸರಿಸಿದರೆ ದೀಪದ ಬೆಳಕು ದೇವರ ಮುಖಕ್ಕೆ ಬೀಳದು. ಬೀರೋಜನು ತಾನೇ ಉಳಿ ಹಿಡಿದು, ಐದು ಸಾಲನ್ನೂ ಕೊರೆದು ಗೂಡು ಮಾಡಿದನು. ಹುಣ್ಣಿಮೆಯ ಸಂಜೆ ದೇಕವ್ವೆ ಹಿಮ್ಮಡಿಯೆತ್ತದೆ ದೀಪವಿಟ್ಟಳು. ಅದು ನಿಂತು ಉರಿದು, ದೇವರ ಮುಖ ತುಂಬ ಬೆಳಕಾಯಿತು. ವಾದ್ಯಗಳು ಮೊಳಗಿದವು, ಅರಸನು ತಲೆಬಾಗಿದನು, ರೇವಕ್ಕನು ಊರಿಗೆಲ್ಲ ಬೆಲ್ಲ ಹಂಚಿದಳು. ಆಮೇಲೆ ಬೀರೋಜನು ಇನ್ನೂ ಒಂಬತ್ತು ಗುಡಿ ಕಟ್ಟಿ, ಪ್ರತಿಯೊಂದಕ್ಕೂ ಮೊದಲು ಎಲೆ ಹಾಕಿಸಿ, ಮಕ್ಕಳು ಮೊಮ್ಮಕ್ಕಳೊಡನೆ ಸುಖವಾಗಿ ಬಾಳಿದನು.

ಅದಕ್ಕೇ ಈ ದಿನ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡವಾದವರು ಮೊದಲ ದೀಪ ಹಚ್ಚಬೇಕು. ಇದನ್ನು ಓದಿದವರ, ಕೇಳಿದವರ, ಮತ್ತೊಬ್ಬರಿಗೆ ಹೇಳಿದವರ ಮನೆಯ ದೀಪವೂ ಬೀರೋಜನ ಗುಡಿಯ ದೀಪದಂತೆ ನಿಂತು ಉರಿಯಲಿ, ಹಿಡಿದ ಕೆಲಸ ಕಳಸ ಕಾಣಲಿ.

ಆ ಗೂಡಿಗೆ ಕೊನೆಗೆ ತಗಲಿದ್ದೆಷ್ಟೆಂದು ಅತ್ತೆಯವರು ಹೇಳಿದ್ದೂ ಡೈರಿಯಲ್ಲಿದೆ: ಒಂಬತ್ತು ದಿನದ ಕೆಲಸ, ನಾಲ್ಕು ಹೋಳಿಗೆ, ಮತ್ತು ಗೋಡೆಯ ಮೇಲಿದ್ದ ಬೀರೋಜನ ಹೆಸರು.