ಕಸ್ತೂರಿಯ ಎಡಬದಿ

ನದಿಯ ತಿರುವಿನಲ್ಲಿ ಚನ್ನಾಜಮ್ಮನವರ ಆಶ್ರಮವಿತ್ತು. ಹೆಂಚಿನ ಎರಡು ಕೋಣೆ, ಫೋಟೊ ತೊಳೆಯಲು ಒಂದು ಕತ್ತಲೆ ಕೋಣೆ, ಅದರಾಚೆ ಬಿದಿರಿನ ಬೇಲಿ ಹಾಕಿದ ಹುಲ್ಲುಗಾವಲು. ಅಷ್ಟೇ.

ಹುಲ್ಲುಗಾವಲಿನಲ್ಲಿ ಕುದುರೆಗಳಿದ್ದವು. ಮದುವೆ ಮೆರವಣಿಗೆಯಲ್ಲಿ ಕುಣಿಯುವಂಥವಲ್ಲ. ಆನೆಮರಿಯಂಥ ಮೈ, ಊಟದ ತಟ್ಟೆಯಷ್ಟು ಅಗಲದ ಗೊರಸು, ಗೊರಸಿನ ಮೇಲೆ ಇಳಿಬಿದ್ದ ಕೂದಲು. ಒಂದು ಕಾಲದಲ್ಲಿ ಕಾಡಿನಿಂದ ಮರದ ದಿಮ್ಮಿಗಳನ್ನು ಎಳೆದು ನದಿಗೆ ತರುತ್ತಿದ್ದ ಕುದುರೆಗಳು. ಲಾರಿಗಳು ಬಂದ ಮೇಲೆ ಅವು ಯಾರಿಗೂ ಬೇಡವಾದವು. ಒಂದೊಂದಾಗಿ ಬಂದು ಈ ಬೇಲಿಯೊಳಗೆ ಸೇರಿದವು.

ಚನ್ನಾಜಮ್ಮನವರು ಹಿಂದೆ ಪಟ್ಟಣದಲ್ಲಿ ಸ್ಟುಡಿಯೊ ಇಟ್ಟಿದ್ದವರು. ಫೋಟೊ ತೆಗೆಯುವುದನ್ನು ಕಲಿಯಲು ಅವರ ಹತ್ತಿರ ಜನ ಬರುತ್ತಿದ್ದರು. ಬಂದವರಿಗೆ ಮೊದಲು ಕುದುರೆಗಳಿಗೆ ನೀರು ಕುಡಿಸಲು ಹೇಳುತ್ತಿದ್ದರು. ಬೆಳಕಿನ ಮಾತು ಆಮೇಲೆ.

ಹಾಗೆ ಬಂದವರಲ್ಲಿ ತೋಂಟೇಶನೂ ಒಬ್ಬ.

ಅವನು ಮದುವೆಗಳ ಫೋಟೊ ತೆಗೆಯುತ್ತಿದ್ದ. ಒಮ್ಮೆ ಮೈ ಸುಡುವ ಜ್ವರ ಬಂತು. ಜ್ವರ ಬಿಟ್ಟಿತು, ಕೈನಡುಕ ಉಳಿಯಿತು. ಫೋಟೊಗಳಲ್ಲಿ ಮದುಮಗಳ ಮುಖ ಎರಡೆರಡಾಗಿ ಮೂಡತೊಡಗಿತು. ಕರೆಯುವವರು ಕಡಿಮೆಯಾದರು, ಕೊನೆಗೆ ನಿಂತೇ ಹೋದರು. ಆಗ ಅವನು ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನದಿಯ ತಿರುವಿಗೆ ಬಂದ.

ಬಂದ ದಿನ ಅವನು ನೀರಿನ ಬಕೆಟ್ಟು ಹಿಡಿದು ಒಂದು ಕಪ್ಪು ಹೆಣ್ಣು ಕುದುರೆಯ ಎಡಬದಿಗೆ ಹೋದ. ಅದರ ಹೆಸರು ಕಸ್ತೂರಿ. ಎಳೆಯ ವಯಸ್ಸಿನಲ್ಲಿ ಕೊಂಬೆ ತಾಗಿ ಅದರ ಎಡಗಣ್ಣು ಹೋಗಿತ್ತು. ಆ ಬದಿಯಿಂದ ಬಂದವರನ್ನು ಅದು ಸಹಿಸುತ್ತಿರಲಿಲ್ಲ. ತೋಂಟೇಶನಿಗೆ ಇದು ಗೊತ್ತಿರಲಿಲ್ಲ. ಅವನು ಏನನ್ನೋ ಗುನುಗುತ್ತ ಹೋದ. ಕುದುರೆ ಕಿವಿಯನ್ನು ಅವನತ್ತ ತಿರುಗಿಸಿ ಸುಮ್ಮನೆ ನಿಂತಿತು.

ನೀರಿಟ್ಟು, ದಣಿವಿಗೆ ಅವನು ಅದರ ಹೆಗಲಿಗೆ ಒರಗಿದ.

ಅದರ ಉಸಿರು ನಿಧಾನವಾಗಿತ್ತು. ಹೊಳೆಯ ನೀರು ದಡಕ್ಕೆ ಬಂದು ಹಿಂದಕ್ಕೆ ಸರಿದಂತೆ ಆ ದೊಡ್ಡ ಹೊಟ್ಟೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ಉಸಿರೂ ಅದೇ ಲಯಕ್ಕೆ ಬಂತು. ನೋಡಿದರೆ ಕೈ ನಡುಗುತ್ತಿರಲಿಲ್ಲ.

ಅವನು ಕ್ಯಾಮೆರಾ ತೆಗೆದು, ಮೊಣಕೈಯನ್ನು ಅದರ ಮೈಗೆ ಊರಿ, ಎದುರಿಗೆ ಮೇಯುತ್ತಿದ್ದ ಬಿಳಿ ಕುದುರೆಯ ಫೋಟೊ ತೆಗೆದ. ಜ್ವರ ಬಂದಂದಿನಿಂದ ಅವನು ತೆಗೆದ ಮೊದಲ ಸ್ಪಷ್ಟ ಫೋಟೊ ಅದು.

ಅಂದಿನಿಂದ ಪ್ರತಿ ಬೆಳಗ್ಗೆ ಅವನು ಕಸ್ತೂರಿಗೆ ಒರಗಿಯೇ ನಿಲ್ಲುತ್ತಿದ್ದ. ನದಿಯ ಮೇಲಿನ ಮಂಜು ಬೇಲಿ ದಾಟಿ ಒಳಗೆ ಬರುತ್ತಿತ್ತು. ಕುದುರೆಗಳ ಕಾಲುಗಳು ಮುಳುಗಿ, ಬೆನ್ನುಗಳು ಮಾತ್ರ ತೇಲುತ್ತಿದ್ದವು. ಕೂದಲಿನಲ್ಲಿ ಇಬ್ಬನಿ, ಮೂಗಿನಿಂದ ಬಿಳಿ ಹೊಗೆ. ಅವನು ಅದನ್ನೆಲ್ಲ ಹಿಡಿದ. ಚನ್ನಾಜಮ್ಮನವರು ಫೋಟೊಗಳನ್ನು ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು. ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ಕಸ್ತೂರಿಯ ಫೋಟೊ ಮಾತ್ರ ಅವನ ಹತ್ತಿರ ಒಂದೂ ಇರಲಿಲ್ಲ. ತಾನೇ ಒರಗಿ ನಿಂತಿರುವಾಗ ಅವಳ ಫೋಟೊ ತೆಗೆಯುವುದು ಹೇಗೆ?

ಆ ವರ್ಷದ ಮಳೆಗಾಲದಲ್ಲಿ ನದಿ ದಿಕ್ಕು ಬದಲಿಸಿತು. ಅರ್ಧ ಹುಲ್ಲುಗಾವಲು ಮಣ್ಣು ಸಮೇತ ಕೊಚ್ಚಿಹೋಯಿತು. ಉಳಿದ ಹುಲ್ಲು ಎಲ್ಲ ಕುದುರೆಗಳಿಗೆ ಸಾಲುತ್ತಿರಲಿಲ್ಲ. ಎರಡನ್ನಾದರೂ ಬೇರೆ ಕಡೆ ಕಳಿಸಬೇಕು ಎಂದು ಚನ್ನಾಜಮ್ಮನವರು ಹೇಳಿದರು.

ಮೇಲೆ ಬೆಟ್ಟದಲ್ಲಿ ಉತ್ತಯ್ಯ ಎಂಬ ಮುದುಕರಿದ್ದರು. ಹರೆಯದಲ್ಲಿ ಇಂಥವೇ ಕುದುರೆಗಳನ್ನು ನಡೆಸಿದವರು. ಅವರ ಹುಲ್ಲು ಯಾರೂ ಮೇಯಿಸದೆ ಒಣಗುತ್ತಿತ್ತು. ಗಾಳಿಗೆ ಬಿದ್ದ ಮರಗಳನ್ನು ಎಳೆಸುವ ಕೆಲಸವೂ ಇತ್ತು. ಆದರೆ ಮಂಡಿನೋವು, ಕೆಳಗಿಳಿದು ಬರಲಾರರು. ಎಲ್ಲ ಕುದುರೆಗಳ ಫೋಟೊ ಕಳಿಸಿದರೆ ಎರಡನ್ನು ಆರಿಸುತ್ತೇನೆ ಎಂದು ಹೇಳಿ ಕಳಿಸಿದ್ದರು.

ಚನ್ನಾಜಮ್ಮನವರು ಆ ಕೆಲಸವನ್ನು ತೋಂಟೇಶನಿಗೆ ಒಪ್ಪಿಸಿದರು.

ಅವನು ಮರುದಿನ ಬೆಳಗ್ಗೆಯೇ ಶುರುಮಾಡಿದ. ಕಸ್ತೂರಿಗೆ ಒರಗಿ ನಿಂತು ಒಂದೊಂದೇ ಕುದುರೆಯನ್ನು ತೆಗೆದ. ಸರದಾರನೆಂಬ ಗಂಡು ಕುದುರೆಯನ್ನು ಹೊಳೆಯ ಬೆಳಕಿಗೆ ಎದುರಾಗಿ ನಿಲ್ಲಿಸಿದ. ಬಿಳಿಯ ಬೆಳ್ಳಕ್ಕನನ್ನು ಮಂಜಿನಿಂದ ಹೊರಗೆ ಬರುವಾಗ ಹಿಡಿದ. ಫೋಟೊಗಳಲ್ಲಿ ಅವು ಕನಸಿನಲ್ಲಿ ಬರುವ ಕುದುರೆಗಳ ಹಾಗೆ ಬಂದವು.

ಕಸ್ತೂರಿಯ ಫೋಟೊವನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಂಡ.

ಬಿಸಿಲು ನೆತ್ತಿಯ ಮೇಲಿತ್ತು. ಮೈಯ ಹೊಳಪೆಲ್ಲ ಸತ್ತು, ಕುದುರೆ ಧೂಳು ಹಿಡಿದ ಬಂಡೆಯಂತೆ ನಿಂತಿತ್ತು. ಅವನು ಬೇಕೆಂದೇ ಎಡಬದಿಗೆ ಹೋದ. ಕುರುಡು ಕಣ್ಣು ಕಾಣುವಂತೆ, ತಲೆ ತಗ್ಗಿಸಿದಾಗ, ದೂರದಲ್ಲಿ ನಿಂತು ತೆಗೆದ. ಒರಗಲು ಏನೂ ಇರಲಿಲ್ಲ. ಕೈ ನಡುಗಿತು. ನಡುಗಲಿ ಎಂದುಕೊಂಡ. ಇವಳನ್ನು ನೋಡಿ ಯಾರಿಗೂ ಬೇಕು ಅನ್ನಿಸಬಾರದು.

ಫೋಟೊಗಳನ್ನು ತೊಳೆದು ಒಣಗಿಸಿ ತಂದಾಗ ಚನ್ನಾಜಮ್ಮನವರು ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟರು. ಕೊನೆಯದನ್ನು ಬಹಳ ಹೊತ್ತು ಹಿಡಿದುಕೊಂಡರು.

"ಇದು ಯಾರು?"

"ಕಸ್ತೂರಿ, ಅಮ್ಮ."

"ಕಸ್ತೂರಿ ಹೀಗಿದ್ದಾಳಾ?"

"ಬಿಸಿಲು ಹಾಗಿತ್ತು," ಎಂದ ತೋಂಟೇಶ.

ಚನ್ನಾಜಮ್ಮನವರು ಆ ಫೋಟೊವನ್ನೂ ಉಳಿದವುಗಳ ಜೊತೆ ಸೇರಿಸಿದರು. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಬೆಟ್ಟಕ್ಕೆ ಕಳಿಸಿದರು.

ಕೆಲವು ದಿನಗಳಾದ ಮೇಲೆ ಉತ್ತಯ್ಯನವರ ಹೆಂಡತಿ ಪಾರವ್ವ ಕುದುರೆಗಳನ್ನು ಕರೆದೊಯ್ಯಲು ಬಂದರು. ಗಟ್ಟಿಮುಟ್ಟಾದ ಹೆಂಗಸು, ಹೆಗಲ ಮೇಲೆ ಎರಡು ಹಗ್ಗ. ತೋಂಟೇಶ ಅವರಿಗೆ ಕುಡಿಯಲು ಮಜ್ಜಿಗೆ ಕೊಟ್ಟು, ಯಾವುದು ಒಪ್ಪಿಗೆಯಾಯಿತು ಎಂದು ಕೇಳಿದ.

ಬೆಳ್ಳಕ್ಕ, ಕಸ್ತೂರಿ ಎಂದರು ಪಾರವ್ವ.

ಅವನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಮತ್ತೊಮ್ಮೆ ಕೇಳಿದ. ಅದೇ ಹೆಸರು. ಕಸ್ತೂರಿಯ ಫೋಟೊ ಚೆನ್ನಾಗಿ ಬಂದಿರಲಿಲ್ಲವಲ್ಲ, ಅವಳಿಗೆ ಒಂದು ಕಣ್ಣು ಕಾಣುವುದಿಲ್ಲವಲ್ಲ ಎಂದ.

"ಬೆಳ್ಳಕ್ಕನನ್ನು ಚಂದಕ್ಕೆ ಆರಿಸಿದರು," ಎಂದರು ಪಾರವ್ವ. "ಕಸ್ತೂರಿಯ ಫೋಟೊ ನೋಡಿ ನಮ್ಮವರು ಬೇರೆಯೇ ಮಾತು ಹೇಳಿದರು. ಉಳಿದ ಕುದುರೆಗಳ ಮುಂದೆ ಫೋಟೊ ತೆಗೆದವನ ಕೈ ಗಟ್ಟಿಯಾಗಿದೆ, ಇವಳ ಮುಂದೆ ಮಾತ್ರ ನಡುಗಿದೆ. ಬಿಟ್ಟುಕೊಡಲು ಅವನು ಇಷ್ಟು ಕಷ್ಟಪಡುವ ಕುದುರೆ ಒಳ್ಳೆಯದೇ ಇರಬೇಕು, ಅದನ್ನೇ ಕರೆದುಕೊಂಡು ಬಾ ಅಂದರು."

ತೋಂಟೇಶ ಎದ್ದು ನೇರವಾಗಿ ಚನ್ನಾಜಮ್ಮನವರ ಹತ್ತಿರ ಹೋದ. ಅವರು ಹೊಳೆಯ ದಂಡೆಯಲ್ಲಿ ಕುಳಿತಿದ್ದರು.

"ಅಮ್ಮ, ಆ ಫೋಟೊ ನಾನು ಬೇಕೆಂದೇ ಕೆಡಿಸಿದ್ದು."

"ಗೊತ್ತು."

"ಗೊತ್ತಿದ್ದೂ ಯಾಕೆ ಕಳಿಸಿದಿರಿ?"

"ನೀನು ಇಲ್ಲಿಗೆ ಬಂದ ಮೇಲೆ ನಿನ್ನದೇ ಕೈಯಲ್ಲಿ ತೆಗೆದ ಫೋಟೊ ಅದೊಂದೇ."

ಅವನು ನೀರನ್ನು ನೋಡುತ್ತ ನಿಂತ.

"ಅವಳು ಹೋದರೆ ನಾನು ಯಾರಿಗೆ ಒರಗಲಿ?"

"ಇಷ್ಟು ದಿನ ಅವಳು ಯಾರಿಗೆ ಒರಗಿದ್ದಳು?"

ಅದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನುವುದು ಮುಖದಲ್ಲೇ ಕಂಡಿರಬೇಕು. ಬೆಟ್ಟದವರೆಗೂ ನೀನೇ ಅವಳನ್ನು ನಡೆಸಿಕೊಂಡು ಹೋಗು, ಕ್ಯಾಮೆರಾ ಕೊರಳಲ್ಲಿರಲಿ ಎಂದು ಹೇಳಿ ಚನ್ನಾಜಮ್ಮನವರು ಎದ್ದು ಒಳಗೆ ಹೋದರು.

ಮರುದಿನ ಬೆಳಗಾಗುವಾಗಲೇ ಹೊರಟರು. ಮುಂದೆ ಪಾರವ್ವ ಮತ್ತು ಬೆಳ್ಳಕ್ಕ. ಹಿಂದೆ ತೋಂಟೇಶ, ಕಸ್ತೂರಿ. ಅವನು ರೂಢಿಯಂತೆ ಅವಳ ಎಡಬದಿಯಲ್ಲಿ ನಡೆದ.

ಬಯಲು ಮುಗಿದು ಏರು ಶುರುವಾಯಿತು. ದಾರಿ ಕಿರಿದಾಯಿತು. ಎಡಕ್ಕೆ ಕಣಿವೆ. ಕಸ್ತೂರಿ ಎರಡು ಹೆಜ್ಜೆಗೊಮ್ಮೆ ತನ್ನ ಹೆಗಲನ್ನು ಅವನಿಗೆ ತಾಗಿಸುತ್ತಿದ್ದಳು. ತಳ್ಳುತ್ತಿರಲಿಲ್ಲ, ತಾಗಿಸಿ ಸರಿಯುತ್ತಿದ್ದಳು. ಅವನು ದಾರಿಯ ಅಂಚಿನಲ್ಲಿ ಸ್ವಲ್ಪ ಹಿಂದೆ ಬಿದ್ದ. ತಕ್ಷಣ ಅವಳು ನಿಂತುಬಿಟ್ಟಳು. ಕಿವಿ ಹಿಂದಕ್ಕೆ ತಿರುಗಿತು. ಅವನು ಗುನುಗುತ್ತ ಮತ್ತೆ ಪಕ್ಕಕ್ಕೆ ಬಂದ ಮೇಲೆ, ಹೆಗಲು ತಾಗಿದ ಮೇಲೆ, ಹೆಜ್ಜೆ ಎತ್ತಿದಳು.

ಆ ಬದಿಯಲ್ಲಿ ಲೋಕ ಎಲ್ಲಿಯವರೆಗೆ ಇದೆ ಎನ್ನುವುದನ್ನು ಅವಳು ಅವನನ್ನು ಮುಟ್ಟಿ ತಿಳಿದುಕೊಳ್ಳುತ್ತಿದ್ದಳು.

ತೋಂಟೇಶ ಆಮೇಲೆ ಒಂದು ಹೆಜ್ಜೆಯೂ ಹಿಂದೆ ಬೀಳಲಿಲ್ಲ.

ಅರ್ಧ ಬೆಟ್ಟ ಏರುವಷ್ಟರಲ್ಲಿ ಮೋಡ ಕೆಳಗಿಳಿಯಿತು. ಪಾರವ್ವ ಕಾಣಲಿಲ್ಲ, ಬೆಳ್ಳಕ್ಕ ಕಾಣಲಿಲ್ಲ, ಗೊರಸಿನ ಸದ್ದು ಮಾತ್ರ ಬಿಳಿಯೊಳಗಿಂದ ಬರುತ್ತಿತ್ತು. ಆ ಸದ್ದು ಒಮ್ಮೊಮ್ಮೆ ಹೆಚ್ಚಾಗುತ್ತಿತ್ತು. ಹಿಂದೆ, ಮುಂದೆ, ಕಣಿವೆಯ ಮೇಲೆ ಗಾಳಿಯಲ್ಲೂ ಎಷ್ಟೋ ಕುದುರೆಗಳು ನಡೆಯುತ್ತಿದ್ದಂತೆ, ಇದೇ ದಾರಿಯಲ್ಲಿ ದಿಮ್ಮಿ ಎಳೆದು ಇಳಿದ ಕುದುರೆಗಳೆಲ್ಲ ಹಗುರಾಗಿ ಮನೆಗೆ ಮರಳುತ್ತಿದ್ದಂತೆ ಅವನಿಗೆ ಅನ್ನಿಸಿತು. ನಡೆಯುತ್ತಲೇ ನಿದ್ದೆ ಹೋದನೋ ಏನೋ. ಕೆನ್ನೆಗೆ ಬೆಚ್ಚನೆಯ ಮೈ ತಾಗುತ್ತಿತ್ತು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎನ್ನುವುದು ತಿಳಿಯದಂತಾಗಿತ್ತು.

ಮೋಡ ಸ್ವಲ್ಪ ಬಿಟ್ಟುಕೊಟ್ಟಾಗ ಎದುರಿಗೆ ಮನೆ, ಮನೆಯ ಮುಂದೆ ಹುಲ್ಲಿನ ಇಳಿಜಾರು. ಅಂಗಳದ ಸ್ಟೂಲಿನ ಮೇಲೆ ಕೋಲು ಹಿಡಿದು ಉತ್ತಯ್ಯನವರು ಕುಳಿತಿದ್ದರು.

ತೋಂಟೇಶ ಹಗ್ಗ ಕೊಡುವ ಮೊದಲು ಎಲ್ಲವನ್ನೂ ಹೇಳಿದ. ಇವಳು ನಿಮಗೆ ಬೇಡವಾಗಲಿ ಎಂದೇ ಹಾಗೆ ಫೋಟೊ ತೆಗೆದೆ ಎಂದ. ತನ್ನ ಕೈ ಯಾವಾಗಲೂ ನಡುಗುತ್ತದೆ, ಅದು ಇವಳಿಗಾಗಿ ನಡುಗಿದ್ದಲ್ಲ ಎಂದ. ಎಡದಿಂದ ಸದ್ದಿಲ್ಲದೆ ಬರಬೇಡಿ, ದನಿ ಕೇಳಿಸಿ ಬನ್ನಿ, ಇಳಿಜಾರಿನಲ್ಲಿ ಆ ಬದಿಗೆ ಯಾರಾದರೂ ನಿಂತಿರಬೇಕು ಎಂದ.

ಉತ್ತಯ್ಯನವರು ಪೂರ್ತಿ ಕೇಳಿಸಿಕೊಂಡರು.

"ಅವಳಿಗಾಗಿ ನಡುಗಿದ್ದಲ್ಲವೇನಪ್ಪ?" ಎಂದು ಕೇಳಿದರು.

ತೋಂಟೇಶ ಕಸ್ತೂರಿಯ ಕೊರಳು ಸವರಿದ.

ಮುದುಕರು ಕೋಲೂರಿ ಎದ್ದರು. ದಿಮ್ಮಿ ಎಳೆಸುವವರು ಹಿಂದೆ ಆಡುತ್ತಿದ್ದ ಯಾವುದೋ ಮಾತನ್ನು ಮೆಲ್ಲಗೆ ಹೇಳಿಕೊಳ್ಳುತ್ತ ಕಸ್ತೂರಿಯ ಎಡಬದಿಗೆ ಬಂದರು. ಅವಳ ಕಿವಿ ತಿರುಗಿತು. ಅವರು ಅಂಗೈಯನ್ನು ಹೆಗಲ ಮೇಲಿಟ್ಟರು. ಕಸ್ತೂರಿ ತುಸು ಹೊತ್ತು ಯೋಚಿಸಿ, ನಿಧಾನವಾಗಿ ಅವರತ್ತ ವಾಲಿದಳು. ಕೋಲು ಹುಲ್ಲಿನ ಮೇಲೆ ಬಿತ್ತು. ಮುದುಕರು ಬೀಳಲಿಲ್ಲ.

ತೋಂಟೇಶ ಹಗ್ಗ ಬಿಚ್ಚಿದ.

ಇಬ್ಬರೂ ಇಳಿಜಾರಿನಲ್ಲಿ ಮೆಲ್ಲನೆ ನಡೆದರು, ಮುದುಕರು ಮತ್ತು ಕುದುರೆ. ಮೋಡ ಮತ್ತೆ ಕೂಡಿಕೊಳ್ಳುತ್ತಿತ್ತು. ಅವನು ಕ್ಯಾಮೆರಾ ಎತ್ತಿದ. ಕೈ ನಡುಗಿತು. ಪಕ್ಕದಲ್ಲೇ ಬೇಲಿಯ ಕಂಬವಿತ್ತು. ಅದಕ್ಕೆ ಒರಗಲಿಲ್ಲ. ನಡುಗುವ ಕೈಯಲ್ಲೇ ಒಂದು ಫೋಟೊ ತೆಗೆದ. ಆಮೇಲೆ ನೋಡಲು ಏನೂ ಉಳಿದಿರಲಿಲ್ಲ. ಗೊರಸಿನ ಸದ್ದಿತ್ತು. ಅದೂ ಹುಲ್ಲಿನಲ್ಲಿ ಇಂಗಿತು.

ಆಶ್ರಮಕ್ಕೆ ಮರಳಿ ಅವನು ಕತ್ತಲೆ ಕೋಣೆಯಲ್ಲಿ ಆ ಫೋಟೊ ತೊಳೆದ. ಮದ್ದು ಬೆರೆಸಿದ ನೀರಿನೊಳಗೆ ಕಾಗದ ಬಹಳ ಹೊತ್ತು ಬಿಳಿಯಾಗಿಯೇ ಇತ್ತು. ಆಮೇಲೆ ನಡುವೆ ಒಂದು ಕಪ್ಪು ಮೂಡಿತು. ಅಂಚಿಲ್ಲದ, ಕಾಲಿಲ್ಲದ ಕಪ್ಪು. ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ನೆರಳು.

ಅವನು ಅದನ್ನು ಚನ್ನಾಜಮ್ಮನವರ ಮುಂದೆ ಇಟ್ಟ.

"ಮೋಡ ಇತ್ತು, ಅಮ್ಮ. ಕೈಯೂ ನಡುಗಿತು. ಸರಿಯಾಗಿ ಕಾಣುವುದಿಲ್ಲ."

ಅವರು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೆರಗಿನ ತುದಿಯಿಂದ ಅದರ ಮೇಲಿನ ನೀರಿನ ಹನಿಯನ್ನು ಒತ್ತಿ ತೆಗೆದರು.

"ಸರಿಯಾಗಿಯೇ ಕಾಣುತ್ತದೆ," ಎಂದರು. "ಹೋಗುವವರು ಕಳಿಸಿಕೊಡುವವರ ಕಣ್ಣಿಗೆ ಹೀಗೇ ಕಾಣುವುದು."